ಕಿರಣಕ್ಕಿಂತ ಮೊದಲು ತಲುಪಬೇಕಾದ ಮದ್ದು

ಒಬ್ಬ ಮನುಷ್ಯನ ಇಡೀ ಮೈಗೆ ಒಂದೇ ಸಲಕ್ಕೆ 4 ಗ್ರೇಯಷ್ಟು ಗಾಮಾ ಕಿರಣ ಬಿತ್ತೆಂದುಕೊಳ್ಳಿ. ಚಿಕಿತ್ಸೆ ಸಿಗದೇ ಹೋದರೆ ಇಷ್ಟು ಕಿರಣ ತಿಂದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಎರಡು ತಿಂಗಳೊಳಗೆ ತೀರಿಕೊಳ್ಳುತ್ತಾರೆ. ಹಾಗೆಂದು ಆ ಕಿರಣ ಮೈಯೊಳಗೆ ಬಿಟ್ಟುಹೋದ ಶಕ್ತಿಯೇನೂ ದೊಡ್ಡದಲ್ಲ. ಒಂದು ಗ್ರೇ ಎಂದರೆ ಒಂದು ಕಿಲೋಗ್ರಾಂ ತೂಕಕ್ಕೆ ಒಂದು ಜೂಲ್. 4 ಗ್ರೇಗೆ ಮೈಬಿಸಿ ಏರುವುದು ಒಂದು ಡಿಗ್ರಿಯ ಸಾವಿರದ ಒಂದು ಪಾಲಿನಷ್ಟು; ಒಂದು ಗುಟುಕು ಬಿಸಿ ಕಾಫಿ ಅದಕ್ಕಿಂತ ಹೆಚ್ಚು ಶಾಖ ಕೊಡುತ್ತದೆ. ಕೊಲ್ಲುವುದು ಶಕ್ತಿಯ ಮೊತ್ತವಲ್ಲ, ಅದು ಬೀಳುವ ಜಾಗ. ಈ ಒಂದು ಸಂಗತಿಯಿಂದಲೇ ಔಷಧಕ್ಕೆ ಅವಕಾಶವೂ ಸಿಕ್ಕಿದೆ, ಔಷಧದ ಮಿತಿಯೂ ಗೊತ್ತಾಗಿದೆ. ವಿಕಿರಣದ ಹಾನಿಯನ್ನು ಮದ್ದಿನಿಂದ ತಗ್ಗಿಸಬಹುದು ಎಂಬುದು ಪ್ರಾಣಿಗಳಲ್ಲಿ ಮುಕ್ಕಾಲು ಶತಮಾನದಿಂದ ಮತ್ತೆ ಮತ್ತೆ ರುಜುವಾತಾಗಿದೆ. ಆದರೆ ಆ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಎಲ್ಲದರಿಂದ ಕಾಪಾಡುವ ಗುಳಿಗೆ ಎಲ್ಲಿಯೂ ಕಾಣಸಿಗುವುದಿಲ್ಲ. ಒಂದೊಂದು ಮದ್ದಿಗೂ ಅದರದೇ ಹೊತ್ತು, ಅದರದೇ ಜಾಗ ಇದೆ. ಹೊತ್ತು ಮೀರಿದರೆ ಅದು ಕೆಲಸಕ್ಕೆ ಬರುವುದಿಲ್ಲ; ಜಾಗ ತಪ್ಪಿದರೆ ಕೆಡುಕನ್ನೂ ಮಾಡಬಲ್ಲದು.

ಜೀವಕೋಶದ ಬಹುಪಾಲು ನೀರು. ಎಕ್ಸ್‌ರೇಯೋ ಗಾಮಾ ಕಿರಣವೋ ಅದರೊಳಗೆ ಹಾದಾಗ ನೀರಿನ ಅಣುಗಳು ಒಡೆದು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಚೂರುಗಳು ಹುಟ್ಟುತ್ತವೆ. ಜೋಡಿ ತಪ್ಪಿದ ಎಲೆಕ್ಟ್ರಾನ್ ಇರುವುದರಿಂದ ಈ ಚೂರು ಹತ್ತಿರ ಸಿಕ್ಕ ಯಾವುದೇ ಅಣುವಿನ ಮೇಲೆ ಎರಗುತ್ತದೆ. ಅದರ ಆಯಸ್ಸು ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಪಾಲು, ಅಷ್ಟರಲ್ಲಿ ಅದು ಸರಿಯುವ ದೂರ ಕೆಲವೇ ನ್ಯಾನೋಮೀಟರ್. ಆ ಅಳತೆಯೊಳಗೆ ಡಿಎನ್‌ಎ ಇದ್ದರೆ ಏಟು ಅದಕ್ಕೆ. ಎಕ್ಸ್‌ರೇ ಮಾಡುವ ಹಾನಿಯಲ್ಲಿ ಸುಮಾರು ಮೂರನೇ ಎರಡು ಪಾಲು ಈ ದಾರಿಯಲ್ಲೇ ಬರುತ್ತದೆ, ಉಳಿದದ್ದು ಕಿರಣ ನೇರವಾಗಿ ಡಿಎನ್‌ಎಗೆ ತಾಗಿದ್ದರಿಂದ. ಒಂದು ಗ್ರೇ ಬಿದ್ದರೆ ಪ್ರತಿ ಕೋಶದಲ್ಲೂ ಡಿಎನ್‌ಎಯ ಒಂದು ಎಳೆ ತುಂಡಾದ ಜಾಗಗಳು ಸಾವಿರದಷ್ಟು, ಎರಡೂ ಎಳೆ ಒಟ್ಟಿಗೆ ತುಂಡಾದ ಜಾಗಗಳು ನಲವತ್ತರಷ್ಟು. ಒಂದೇ ಎಳೆ ಕಡಿದರೆ ಎದುರಿನ ಎಳೆಯನ್ನು ನೋಡಿಕೊಂಡು ಕೋಶ ಅದನ್ನು ಸರಿಪಡಿಸಿಕೊಳ್ಳುತ್ತದೆ. ಎರಡೂ ಕಡಿದಾಗ ದುರಸ್ತಿ ತಪ್ಪುವ ಸಂಭವ ಹೆಚ್ಚು. ಅಂಥ ಕೋಶ ಮುಂದಿನ ಸಲ ಇಬ್ಭಾಗವಾಗಲು ಹೋಗಿ ಸಾಯುತ್ತದೆ. ರಕ್ತ ಹುಟ್ಟಿಸುವ ಮೂಳೆಮಜ್ಜೆ, ನಾಲ್ಕೈದು ದಿನಕ್ಕೊಮ್ಮೆ ಹೊಸದಾಗುವ ಕರುಳಿನ ಒಳಪದರ, ಕೂದಲಿನ ಬುಡ ಇವೇ ಮೊದಲು ಸೋಲುವುದು ಇದೇ ಕಾರಣಕ್ಕೆ; ಅಲ್ಲಿನ ಕೋಶಗಳು ಎಡೆಬಿಡದೆ ಇಬ್ಭಾಗವಾಗುತ್ತಲೇ ಇರುತ್ತವೆ.

1949ರಲ್ಲಿ ಅಮೆರಿಕದ ಷಿಕಾಗೋ ಬಳಿಯ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಹಾರ್ವಿ ಪ್ಯಾಟ್ ಮತ್ತು ಸಂಗಡಿಗರು ಇಲಿಗಳಿಗೆ ಸಿಸ್ಟೀನ್ ಚುಚ್ಚಿ, ಆಮೇಲೆ ಅವನ್ನು ಮಾರಕ ಪ್ರಮಾಣದ ಎಕ್ಸ್‌ರೇಗೆ ಒಡ್ಡಿದರು. ಸಿಸ್ಟೀನ್ ಅಪರೂಪದ ವಸ್ತುವಲ್ಲ, ನಮ್ಮ ಕೂದಲು ಉಗುರುಗಳ ಪ್ರೊಟೀನಿನಲ್ಲೂ ಇರುವ ಗಂಧಕಯುಕ್ತ ಅಮೈನೋ ಆಮ್ಲ. ಚುಚ್ಚಿಸಿಕೊಳ್ಳದ ಇಲಿಗಳಿಗಿಂತ ಚುಚ್ಚಿಸಿಕೊಂಡವು ಎಷ್ಟೋ ಹೆಚ್ಚಿನ ಸಂಖ್ಯೆಯಲ್ಲಿ ಬದುಕಿದವು. ಅದೇ ಸಿಸ್ಟೀನನ್ನು ಎಕ್ಸ್‌ರೇ ಬಿದ್ದ ಮೇಲೆ ಕೊಟ್ಟಾಗ ಏನೂ ಪ್ರಯೋಜನವಾಗಲಿಲ್ಲ. ಈ ಎರಡನೆಯ ಸಂಗತಿಗೆ ಮೊದಲನೆಯದರಷ್ಟೇ ಬೆಲೆಯಿದೆ. ಗಂಧಕದ ಜೊತೆ ಅಂಟಿಕೊಂಡ ಹೈಡ್ರೋಜನ್ ಸಡಿಲವಾಗಿರುತ್ತದೆ, ಬೇಗ ಬಿಟ್ಟುಬರುತ್ತದೆ. ಆದ್ದರಿಂದ ಅದು ಎರಡು ಕೆಲಸ ಮಾಡಬಲ್ಲದು: ಹೈಡ್ರಾಕ್ಸಿಲ್ ಚೂರು ಡಿಎನ್‌ಎ ಮುಟ್ಟುವ ಮುನ್ನ ಅದಕ್ಕೆ ತಾನೇ ಎದುರಾಗಿ ತಣಿಸಬಹುದು, ಡಿಎನ್‌ಎಗೆ ಆಗಲೇ ಏಟು ಬಿದ್ದಿದ್ದರೆ ಕಳೆದುಹೋದ ಹೈಡ್ರೋಜನನ್ನು ತುಂಬಿಕೊಟ್ಟು ಮೊದಲಿನಂತೆ ಮಾಡಬಹುದು. ಎರಡನೆಯ ಕೆಲಸಕ್ಕೆ ಎದುರಾಳಿ ಆಮ್ಲಜನಕ. ಏಟು ಬಿದ್ದ ಜಾಗಕ್ಕೆ ಆಮ್ಲಜನಕ ಮೊದಲು ಅಂಟಿಕೊಂಡರೆ ಹಾನಿ ಗಟ್ಟಿಯಾಗುತ್ತದೆ. ಆಮ್ಲಜನಕ ಕಡಿಮೆಯಿರುವ ಗಾಳಿಯನ್ನು ಉಸಿರಾಡುತ್ತಿರುವ ಪ್ರಾಣಿಗಳು ಹೆಚ್ಚು ವಿಕಿರಣ ತಾಳಿಕೊಳ್ಳುವುದರ ಗುಟ್ಟೂ ಇದೇ. ಇಷ್ಟೆಲ್ಲ ನಡೆದು ಮುಗಿಯುವುದು ಸೆಕೆಂಡಿನ ಸಾವಿರದ ಕೆಲವು ಪಾಲಿನೊಳಗೆ. ಕಿರಣ ಬರುವ ಹೊತ್ತಿಗೆ ಗಂಧಕ ಕೋಶದೊಳಗೆ, ಡಿಎನ್‌ಎಯ ಮಗ್ಗುಲಲ್ಲಿ ಹಾಜರಿರಬೇಕು. ಒಂದು ನಿಮಿಷ ತಡವಾಗಿ ಬಂದರೂ ಅದಕ್ಕೆ ಮಾಡಲು ಕೆಲಸವೇ ಉಳಿದಿರುವುದಿಲ್ಲ.

ಬೆಲ್ಜಿಯಂನ ಲಿಯೇಜ್‌ನಲ್ಲಿ ಜೆನೋ ಬಾಕ್ ಅವರ ತಂಡ ಸ್ವಲ್ಪ ಕಾಲದಲ್ಲೇ ಸಿಸ್ಟೀನಿನ ಹತ್ತಿರದ ಸಂಬಂಧಿಯಾದ ಸಿಸ್ಟಿಯಮೀನ್‌ಗೂ ಇದೇ ಗುಣವಿರುವುದನ್ನು ಕಂಡುಹಿಡಿಯಿತು, ಅದು ಕಡಿಮೆ ಪ್ರಮಾಣದಲ್ಲೇ ಸುಂಡಿಲಿಗಳನ್ನು ಉಳಿಸಿತು. ಶೀತಲ ಸಮರದ ಕಾಲವಾದ್ದರಿಂದ ಸೇನೆಗಳ ಕಣ್ಣು ಇದರ ಮೇಲೆ ಬೀಳದೆ ಇರಲಿಲ್ಲ. 1959ರಲ್ಲಿ ಅಮೆರಿಕದ ವಾಲ್ಟರ್ ರೀಡ್ ಸೇನಾ ಸಂಶೋಧನಾ ಸಂಸ್ಥೆ ಹುಡುಕಾಟ ಶುರುಮಾಡಿ, 1973ರವರೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿತು. ಅವುಗಳಲ್ಲಿ ಎದ್ದುಕಂಡದ್ದು ಡಬ್ಲ್ಯುಆರ್-2721, ಇಂದಿನ ಹೆಸರು ಅಮಿಫೋಸ್ಟಿನ್. ಇಂಥ ಮದ್ದಿನ ಬಲ ಅಳೆಯುವ ಲೆಕ್ಕ ಸರಳ: ಮದ್ದಿಲ್ಲದೆ ಒಂದು ಪ್ರಮಾಣದ ವಿಕಿರಣ ಮಾಡುವ ಕೆಡುಕನ್ನು ಮದ್ದು ಕೊಟ್ಟ ಮೇಲೆ ಮಾಡಲು ಎಷ್ಟು ಪಟ್ಟು ವಿಕಿರಣ ಬೇಕು ಎಂದು ನೋಡುವುದು. ಸುಂಡಿಲಿಯ ಮೂಳೆಮಜ್ಜೆಯ ಮಟ್ಟಿಗೆ ಅಮಿಫೋಸ್ಟಿನ್‌ಗೆ ಈ ಅಂಕಿ 2.7ರವರೆಗೂ ಬಂತು. ಅಂದರೆ 8 ಗ್ರೇ ಮಾಡುತ್ತಿದ್ದ ಹಾನಿಗೆ 21 ಗ್ರೇಗೂ ಹೆಚ್ಚು ಬೇಕಾಯಿತು. ಇಷ್ಟು ಬಲವಿದ್ದೂ ಸೈನಿಕನ ಜೇಬಿಗೆ ಅದು ಇಳಿಯಲಿಲ್ಲ. ಬಾಯಿಂದ ತೆಗೆದುಕೊಂಡರೆ ಫಲವಿಲ್ಲ, ಚುಚ್ಚಬೇಕು. ಚುಚ್ಚಿದ ಹತ್ತು ನಿಮಿಷದೊಳಗೆ ರಕ್ತದಲ್ಲಿ ಅದರ ಸುಳಿವು ಬಹುಮಟ್ಟಿಗೆ ಅಳಿಸಿಹೋಗುತ್ತದೆ, ಅಂಗಾಂಶಗಳಲ್ಲೂ ಬಹಳ ಹೊತ್ತು ನಿಲ್ಲದು. ವಾಂತಿ ಬರಿಸುತ್ತದೆ, ರಕ್ತದೊತ್ತಡ ಇಳಿಸುತ್ತದೆ. ರಕ್ತದಿಂದ ಮಿದುಳಿಗೆ ದಾಟಲಾರದ್ದರಿಂದ ಮಿದುಳಿಗೂ ಬೆನ್ನುಹುರಿಗೂ ಅದರ ರಕ್ಷಣೆ ಇಲ್ಲ. ನ್ಯೂಟ್ರಾನಿನಂಥ ದಟ್ಟ ಹಾನಿಯ ಕಿರಣಗಳ ಮುಂದಂತೂ ಗಂಧಕದ ಮದ್ದುಗಳ ಶಕ್ತಿ ಬಹಳ ತಗ್ಗುತ್ತದೆ.

ಬಾಂಬು ಬೀಳುವ ಅರ್ಧ ಗಂಟೆ ಮೊದಲೇ ಯಾರಿಗೆ ತಿಳಿದಿರುತ್ತದೆ, ಮುಂಚೆಯೇ ಕೊಡಬೇಕಾದ ಮದ್ದಿನಿಂದ ಲಾಭವೇನು ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಯುದ್ಧದ ಮಟ್ಟಿಗೆ ಅದು ಸರಿಯಾದ ಮಾತು. ಆದರೆ ವಿಕಿರಣ ಯಾವ ದಿನ, ಎಷ್ಟು ಗಂಟೆಗೆ, ಮೈಯ ಯಾವ ಭಾಗಕ್ಕೆ, ಎಷ್ಟು ಬೀಳುತ್ತದೆ ಎಂದು ಮೊದಲೇ ಬರೆದಿಟ್ಟಿರುವ ಒಂದು ಜಾಗ ಇದೆ, ಅದು ಕ್ಯಾನ್ಸರ್ ಆಸ್ಪತ್ರೆಯ ರೇಡಿಯೇಷನ್ ಕೊಠಡಿ. ತಲೆ ಮತ್ತು ಕತ್ತಿನ ಭಾಗದ ಕ್ಯಾನ್ಸರಿಗೆ ದಿನಕ್ಕೆ 2 ಗ್ರೇಯಂತೆ, ವಾರಕ್ಕೆ ಐದು ದಿನ, ಆರೇಳು ವಾರಗಳಲ್ಲಿ 60ರಿಂದ 70 ಗ್ರೇವರೆಗೆ ಕೊಡುತ್ತಾರೆ. ಹೊಗೆಸೊಪ್ಪು, ಗುಟ್ಕಾ ಅಗಿಯುವ ನಮ್ಮ ನಾಡಿನಲ್ಲಿ ಈ ಕ್ಯಾನ್ಸರ್ ಎಷ್ಟು ಸಾಮಾನ್ಯ ಎಂದು ಬಿಡಿಸಿ ಹೇಳಬೇಕಿಲ್ಲ. ಗೆಡ್ಡೆಗೆ ಗುರಿಯಿಟ್ಟ ಕಿರಣ ಕೆನ್ನೆಯ ಹಿಂದಿನ ಜೊಲ್ಲುಗ್ರಂಥಿಗೂ ತಗುಲಿದರೆ ಬಾಯಿ ಒಣಗಿಹೋಗುತ್ತದೆ. ರೊಟ್ಟಿಯ ತುಣುಕು ನಾಲಿಗೆಗೆ ಅಂಟಿ ನಿಲ್ಲುತ್ತದೆ, ತುತ್ತು ತುತ್ತಿಗೂ ನೀರು ಕುಡಿದೇ ನುಂಗಬೇಕು, ರಾತ್ರಿ ಬಾಯಾರಿ ಎಚ್ಚರವಾಗುತ್ತದೆ, ತೊಳೆಯಲು ಜೊಲ್ಲಿಲ್ಲದ ಹಲ್ಲುಗಳು ಒಂದೊಂದಾಗಿ ಹುಳುಕಾಗುತ್ತವೆ. ಕ್ಯಾನ್ಸರ್ ವಾಸಿಯಾದ ಮೇಲೂ ಇದು ವರ್ಷಗಟ್ಟಲೆ ಉಳಿಯಬಹುದು. 315 ರೋಗಿಗಳ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪ್ರತಿ ದಿನ ಕಿರಣಕ್ಕೆ ಹದಿನೈದರಿಂದ ಮೂವತ್ತು ನಿಮಿಷ ಮೊದಲು ಅಮಿಫೋಸ್ಟಿನ್ ಕೊಡಲಾಯಿತು. ಚಿಕಿತ್ಸೆಯ ಅವಧಿಯಲ್ಲಿ ಹೇಳಿಕೊಳ್ಳುವಷ್ಟು ಬಾಯಿ ಒಣಗಿದವರ ಪ್ರಮಾಣ ಶೇ. 78ರಿಂದ 51ಕ್ಕೆ ಇಳಿಯಿತು. ದೀರ್ಘಕಾಲ ಹಾಗೇ ಉಳಿದವರದು ಶೇ. 57ರಿಂದ 34ಕ್ಕೆ. ಇಲಿಗಳಲ್ಲಿ ಕಂಡದ್ದು ಮನುಷ್ಯನ ಬಾಯಲ್ಲಿ ನಿಜವಾದ ಅಪರೂಪದ ಉದಾಹರಣೆ ಇದು.

ಆರೋಗ್ಯವಂತ ಕೋಶವನ್ನು ಕಾಯುವ ಮದ್ದು ಗೆಡ್ಡೆಯನ್ನೂ ಕಾಯದಿರುತ್ತದೆಯೇ? ವೈದ್ಯರನ್ನು ಮೊದಲ ದಿನದಿಂದ ಕಾಡಿದ ಪ್ರಶ್ನೆ ಇದು, ಕಾಡಲೇಬೇಕಾದ ಪ್ರಶ್ನೆ. ಅಮಿಫೋಸ್ಟಿನ್ ಚುಚ್ಚಿದ ರೂಪದಲ್ಲಿ ನಿಷ್ಕ್ರಿಯ. ಕೋಶದ ಹೊರಪೊರೆಯಲ್ಲಿರುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಅದರ ಫಾಸ್ಫೇಟ್ ತುದಿಯನ್ನು ಕತ್ತರಿಸಿದ ಮೇಲಷ್ಟೇ ಗಂಧಕ ಬಿಚ್ಚಿಕೊಂಡು ಒಳಗೆ ಹೋಗುತ್ತದೆ. ಗೆಡ್ಡೆಯಲ್ಲಿ ರಕ್ತನಾಳಗಳ ಹೆಣಿಗೆ ಅಡ್ಡಾದಿಡ್ಡಿ, ಆಮ್ಲೀಯತೆ ಹೆಚ್ಚು, ಆ ಕಿಣ್ವದ ಕೆಲಸ ಕಡಿಮೆ. ಹಾಗಾಗಿ ಮದ್ದು ಆರೋಗ್ಯವಂತ ಅಂಗಾಂಶದಲ್ಲಿ ಬೇಗ ಶೇಖರವಾಗುತ್ತದೆ, ಗೆಡ್ಡೆಗೆ ನಿಧಾನವಾಗಿ ಇಳಿಯುತ್ತದೆ. 1969ರಲ್ಲೇ ಸುಂಡಿಲಿಗಳಲ್ಲಿ ಈ ವ್ಯತ್ಯಾಸ ತೋರಿಬಂದಿತ್ತು. ಮನುಷ್ಯರ ವಿಷಯದಲ್ಲಿ 12 ಪ್ರಯೋಗಗಳ 1,119 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲೂ ಅಮಿಫೋಸ್ಟಿನ್ ತೆಗೆದುಕೊಂಡವರ ಆಯುಸ್ಸು ಕುಗ್ಗಿದ್ದು ಕಾಣಲಿಲ್ಲ. ಆದರೂ ಅದು ಎಲ್ಲ ಕಡೆ ರೂಢಿಗೆ ಬಂದಿಲ್ಲ. ದಿನವೂ ಚುಚ್ಚುವ ಕಷ್ಟ, ವಾಂತಿ, ರಕ್ತದೊತ್ತಡದ ಇಳಿತ ಒಂದು ಕಾರಣ. ಜೊಲ್ಲುಗ್ರಂಥಿಯನ್ನು ಬದಿಗಿಟ್ಟು ಗೆಡ್ಡೆಗಷ್ಟೇ ಕಿರಣ ಬೀಳುವಂತೆ ಆಕಾರ ಕೊಡುವ ಹೊಸ ಯಂತ್ರಗಳು ಬಂದದ್ದು ಇನ್ನೊಂದು. ಕಿರಣ ಬೀಳದಂತೆ ನೋಡಿಕೊಳ್ಳುವುದು ಬಿದ್ದ ಕಿರಣಕ್ಕೆ ಮದ್ದು ಹುಡುಕುವುದಕ್ಕಿಂತ ಯಾವತ್ತೂ ಮೇಲು, ಇದರಲ್ಲಿ ಎರಡನೆಯ ಮಾತಿಲ್ಲ.

ಹಾಗಾದರೆ ಮುನ್ಸೂಚನೆಯೇ ಇಲ್ಲದೆ ಕಿರಣಕ್ಕೆ ಸಿಕ್ಕವರ ಗತಿ? ಅದಕ್ಕೆ ಉತ್ತರದ ಬೀಜವೂ ಅದೇ 1949ರಲ್ಲಿ ಬಿದ್ದದ್ದು. ಷಿಕಾಗೋದ ಲಿಯಾನ್ ಜೇಕಬ್‌ಸನ್ ಸುಂಡಿಲಿಯ ಗುಲ್ಮವನ್ನು ಶಸ್ತ್ರಕ್ರಿಯೆಯಿಂದ ಹೊರತಂದು, ಅದೊಂದಕ್ಕೆ ಮಾತ್ರ ಸೀಸದ ಕವಚ ಹಾಕಿ, ಉಳಿದ ಇಡೀ ಮೈಗೆ ಮಾರಕ ವಿಕಿರಣ ಕೊಟ್ಟರು. ಅಂಥ ಸುಂಡಿಲಿಗಳು ಬದುಕಿದವು. ಗುಲ್ಮದಿಂದ ಯಾವುದೋ ರಸ ಹರಿದು ಕಾಪಾಡುತ್ತಿದೆ ಎಂದು ಮೊದಲು ಊಹಿಸಿದ್ದರು. ಗುಲ್ಮದಲ್ಲಿ ಉಳಿದಿದ್ದ ರಕ್ತಮೂಲದ ಕೋಶಗಳೇ ಹೋಗಿ ಬರಿದಾದ ಮಜ್ಜೆಯಲ್ಲಿ ನೆಲೆಯೂರುತ್ತವೆ ಎಂಬುದು 1950ರ ದಶಕದ ಮಧ್ಯದಲ್ಲಿ ಖಚಿತವಾಯಿತು. ಮೂಳೆಮಜ್ಜೆ ಕಸಿಯ ಚಿಕಿತ್ಸೆ ಬೆಳೆದದ್ದು ಈ ತಿಳಿವಳಿಕೆಯಿಂದ. ನಮ್ಮ ವಿಷಯಕ್ಕೆ ಬೇಕಾದದ್ದು ಇಷ್ಟು: ಡಿಎನ್‌ಎಗೆ ಬೀಳುವ ಏಟು ಕ್ಷಣದಲ್ಲಿ ಮುಗಿದರೂ ಪ್ರಾಣಿ ಸಾಯುವುದು ವಾರಗಳ ನಂತರ, ರಕ್ತಕಣ ಬತ್ತಿ ಸೋಂಕೋ ರಕ್ತಸ್ರಾವವೋ ಆದಾಗ. ನಡುವಿನ ಆ ವಾರಗಳಲ್ಲಿ ಮಾಡಬಹುದಾದ ಕೆಲಸ ಬಹಳ ಇದೆ. ಅಂಥ ಕೆಲಸಕ್ಕೆ ಒದಗುವ ಫಿಲ್‌ಗ್ರಾಸ್ಟಿಮ್ ಎಂಬ ಮದ್ದು ಕಿರಣವನ್ನೂ ತಡೆಯುವುದಿಲ್ಲ, ಡಿಎನ್‌ಎಯನ್ನೂ ಸರಿಮಾಡುವುದಿಲ್ಲ. ಅಳಿದುಳಿದ ಮಜ್ಜೆಯ ಕೋಶಗಳನ್ನು ಚುರುಕುಗೊಳಿಸಿ ಬಿಳಿ ರಕ್ತಕಣ ಹುಟ್ಟಿಸುತ್ತದೆ. ಸುಮಾರು 7.4 ಗ್ರೇ ವಿಕಿರಣಕ್ಕೆ ಒಡ್ಡಿದ ರೀಸಸ್ ಕೋತಿಗಳಲ್ಲಿ ಮದ್ದಿಲ್ಲದ 22ರಲ್ಲಿ 13 ಎರಡು ತಿಂಗಳಲ್ಲಿ ಸತ್ತವು. ಮರುದಿನದಿಂದ ಮದ್ದು ಪಡೆದ 24ರಲ್ಲಿ ಸತ್ತವು 5. ಇದರ ಆಧಾರದ ಮೇಲೆ ಅಮೆರಿಕದ ಔಷಧ ಆಡಳಿತ 2015ರಲ್ಲಿ ಇದನ್ನು ವಿಕಿರಣ ರೋಗಕ್ಕೆ ಒಪ್ಪಿತು. ಇದೇ ಬಗೆಯ ಇನ್ನೂ ಕೆಲವು ಮದ್ದುಗಳು ಆಮೇಲೆ ಬಂದವು, 2021ರಲ್ಲಿ ರಕ್ತದ ಪ್ಲೇಟ್‌ಲೆಟ್ ಏರಿಸುವ ರೋಮಿಪ್ಲೋಸ್ಟಿಮ್ ಕೂಡ. ಇವು ಯಾವುವೂ ಹರಿದುಹೋದ ಕರುಳಿನ ಪದರವನ್ನು ಉಳಿಸಲಾರವು.

ಪ್ರಾಣಿಗಳಿಗೆ ಬೇಕೆಂದೇ ವಿಕಿರಣ ಕೊಟ್ಟು ಸಾಯಲು ಬಿಡುವುದು ಸರಿಯೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ಹಗುರಾಗಿ ತಳ್ಳಿಹಾಕಲಾಗದು; ಆ ನಲವತ್ತಾರು ಕೋತಿಗಳು ಪಟ್ಟ ಪಾಡು ನಿಜವಾದದ್ದು. ಆದರೆ ಮನುಷ್ಯರ ಮೇಲೆ ಮಾರಕ ವಿಕಿರಣ ಪ್ರಯೋಗಿಸಿ ಮದ್ದು ಪರೀಕ್ಷಿಸಲು ಯಾವ ನೀತಿಯೂ ಒಪ್ಪದು, ಅಪಘಾತಗಳು ಬೆರಳೆಣಿಕೆಯಷ್ಟು, ಅವುಗಳಲ್ಲಿ ಯಾರಿಗೆ ಎಷ್ಟು ಕಿರಣ ಬಿತ್ತೆಂಬ ಲೆಕ್ಕವೂ ಅಂದಾಜಿನದು. 2010ರಲ್ಲಿ ದೆಹಲಿಯ ಮಾಯಾಪುರಿಯ ಗುಜರಿ ಮಾರುಕಟ್ಟೆಗೆ ಹಳೆಯ ಕೋಬಾಲ್ಟ್-60 ಯಂತ್ರ ಬಂದು ಒಬ್ಬರು ಸತ್ತು ಹಲವರು ನರಳಿದಾಗ ವೈದ್ಯರು ಮಾಡಬೇಕಾಗಿದ್ದು ಚಿಕಿತ್ಸೆಯನ್ನು, ಪ್ರಯೋಗವನ್ನಲ್ಲ. ಅದಕ್ಕಾಗಿಯೇ ಅಮೆರಿಕ 2002ರಲ್ಲಿ ಒಂದು ನಿಯಮ ಮಾಡಿತು: ಇಂಥ ಸಂದರ್ಭದಲ್ಲಿ ಮದ್ದಿನ ಫಲವನ್ನು ಪ್ರಾಣಿಗಳಲ್ಲಿ ತೋರಿಸಿದರೆ ಸಾಕು, ಸುರಕ್ಷತೆಯನ್ನು ಮಾತ್ರ ಮನುಷ್ಯರಲ್ಲೇ ತೋರಿಸಬೇಕು. ಪ್ರಾಣಿಗಳನ್ನು ಕಡಿಮೆ ಬಳಸುವ ದಾರಿ ಹುಡುಕಬೇಕು, ನಿಜ. ಅವಿಲ್ಲದೆಯೇ ಈ ಜ್ಞಾನ ಸಿಗುತ್ತಿತ್ತು ಎಂದು ಮಾತ್ರ ಹೇಳಲು ಬರುವುದಿಲ್ಲ.

ಪ್ರಾಣಿಗಳನ್ನೇ ನೇರವಾಗಿ ಕಾಪಾಡಿದ ಮದ್ದೂ ಒಂದಿದೆ. 1986ರ ಏಪ್ರಿಲ್‌ನಲ್ಲಿ ಚೆರ್ನೋಬಿಲ್ ಸ್ಥಾವರ ಸಿಡಿದ ಮೇಲೆ ನಾರ್ವೆಯ ಬೆಟ್ಟಗಳಲ್ಲಿ ಸುರಿದ ಮಳೆಯ ಜೊತೆ ಸೀಸಿಯಂ-137 ಇಳಿಯಿತು. ಬೇರಿಲ್ಲದ ಕಲ್ಲುಹೂವುಗಳು ಮಳೆಯಲ್ಲಿ ಗಾಳಿಯಲ್ಲಿ ಬಂದದ್ದನ್ನೆಲ್ಲ ಹೀರಿಕೊಳ್ಳುತ್ತವೆ, ಚಳಿಗಾಲದಲ್ಲಿ ಹಿಮಸಾರಂಗಗಳ ಮೇವು ಅದೇ. ಹಿಮಸಾರಂಗ ಸಾಕುವ ಅಲ್ಲಿನ ಸಾಮಿ ಜನರ ಬದುಕು ನಿಂತಿರುವುದು ಆ ಹಿಂಡುಗಳ ಮೇಲೆ. ಪರಿಹಾರವಾಗಿ ಒದಗಿದ್ದು ಚಿತ್ರಕಾರರ ನೀಲಿ ಬಣ್ಣವಾದ ಪ್ರಷ್ಯನ್ ಬ್ಲೂ ಜಾತಿಯ ಪುಡಿ. ಮೈ ಸೇರಿದ ಸೀಸಿಯಂ ಮತ್ತೆ ಮತ್ತೆ ಕರುಳಿಗೆ ಸ್ರವಿಸಿ ಮರಳಿ ರಕ್ತ ಸೇರುತ್ತಿರುತ್ತದೆ. ಈ ಪುಡಿ ಕರುಳಲ್ಲೇ ಅದನ್ನು ಹಿಡಿದಿಟ್ಟು ಲದ್ದಿಯ ಜೊತೆ ಹೊರಗೆ ಹಾಕುತ್ತದೆ. ನಾರ್ವೆಯವರು ಅದನ್ನು ನೆಕ್ಕುವ ಉಪ್ಪಿನ ಗಟ್ಟಿಯಲ್ಲಿ, ಮೇವಿನಲ್ಲಿ, ಹೊಟ್ಟೆಯಲ್ಲಿ ನಿಧಾನವಾಗಿ ಕರಗುವ ಉಂಡೆಯಲ್ಲಿ ಕೊಟ್ಟರು. 1987ರಲ್ಲಿ ಬ್ರೆಜಿಲ್‌ನ ಗೋಯಾನಿಯಾದಲ್ಲಿ ಪಾಳುಬಿದ್ದ ಚಿಕಿತ್ಸಾಲಯದ ಯಂತ್ರದಿಂದ ಸೀಸಿಯಂ ಪುಡಿ ಮನೆಮನೆಗೆ ಹರಡಿ ನಾಲ್ವರು ಸತ್ತಾಗ 46 ಮಂದಿಗೆ ಇದನ್ನೇ ಕೊಟ್ಟರು. ಮಾಯಾಪುರಿಯಂತೆ ಕಿರಣ ಹೊರಗಿನಿಂದ ಬಿದ್ದಿದ್ದರೆ ಇದು ಏನನ್ನೂ ಮಾಡದು. ಅಯೊಡೈಡ್ ಮಾತ್ರೆಯೂ ಹಾಗೆಯೇ. ಅದು ಥೈರಾಯ್ಡನ್ನು ಒಳ್ಳೆಯ ಅಯೊಡಿನ್‌ನಿಂದ ತುಂಬಿಸಿ ವಿಕಿರಣಯುಕ್ತ ಅಯೊಡಿನ್‌ಗೆ ಜಾಗವಿಲ್ಲದಂತೆ ಮಾಡುತ್ತದೆ, ಬೇರೆ ಅಂಗಕ್ಕಾಗಲಿ ಬೇರೆ ವಸ್ತುವಿಗಾಗಲಿ ಸಂಬಂಧವಿಲ್ಲ. ಅಪಾಯಕ್ಕೆ ಒಂದು ದಿನ ಮೊದಲಿನಿಂದ ಎರಡು ಗಂಟೆ ನಂತರದವರೆಗೆ ಅದರ ಒಳ್ಳೆಯ ಕಾಲ, ಎಂಟು ಗಂಟೆಯವರೆಗೆ ಅಡ್ಡಿಯಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2011ರಲ್ಲಿ ಫುಕುಶಿಮಾ ಸುದ್ದಿ ಕೇಳಿ ಚೀನಾದಲ್ಲಿ ಜನ ಅಯೊಡಿನ್ ಉಪ್ಪಿಗೆ ಮುಗಿಬಿದ್ದಿದ್ದರು. ಕಿಲೋಗೆ 15 ಮಿಲಿಗ್ರಾಂ ಅಯೊಡಿನ್ ಇರುವ ಉಪ್ಪಿನಿಂದ ಒಂದು ಮಾತ್ರೆಯ 100 ಮಿಲಿಗ್ರಾಂ ಪಡೆಯಲು ಆರು ಕಿಲೋಗೂ ಹೆಚ್ಚು ಉಪ್ಪು ತಿನ್ನಬೇಕು. ಕೈಗಾದಂಥ ಸ್ಥಾವರವಿರುವ ನಾಡಿನಲ್ಲಿ ಈ ಲೆಕ್ಕ ಶಾಲೆಯ ಪಾಠದಲ್ಲಿರಬೇಕು.

ಕರ್ನಾಟಕದ ಪಾಲು ಈ ಸಂಶೋಧನೆಯಲ್ಲಿ ಚಿಕ್ಕದೇನಲ್ಲ. ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನಲ್ಲಿ ಪಿ. ಉಮಾದೇವಿ ಮತ್ತು ಸಹೋದ್ಯೋಗಿಗಳು ತುಳಸಿ ಎಲೆಯಿಂದ ಓರಿಯೆಂಟಿನ್, ವಿಸೆನಿನ್ ಎಂಬ ಎರಡು ಸಂಯುಕ್ತಗಳನ್ನು ಬೇರ್ಪಡಿಸಿ, ಗಾಮಾ ಕಿರಣಕ್ಕೆ ಮೊದಲು ಸುಂಡಿಲಿಗಳ ಹೊಟ್ಟೆಗೆ ಚುಚ್ಚಿ, ಅವು ಹೆಚ್ಚು ಸಂಖ್ಯೆಯಲ್ಲಿ ಬದುಕುವುದನ್ನು 1990ರ ದಶಕದಲ್ಲಿ ತೋರಿಸಿದರು. ಅಲ್ಲೇ ಗಣೇಶ್ ಚಂದ್ರ ಜಗೇತಿಯಾ ಅವರ ತಂಡ ಶುಂಠಿ, ಬಿಲ್ವಪತ್ರೆಗಳ ಸಾರವನ್ನು ಪರೀಕ್ಷಿಸಿತು. ಅಮಿಫೋಸ್ಟಿನ್‌ನಷ್ಟು ಬಲ ಇವಕ್ಕಿಲ್ಲ, ಅದರಷ್ಟು ವಿಷವೂ ಇಲ್ಲ. ಸಂಶೋಧಕರನ್ನು ಸೆಳೆದದ್ದು ಈ ಎರಡನೆಯ ಗುಣ. ಇದು ಗಟ್ಟಿಯಾದ ವಿಜ್ಞಾನ, ಹೆಮ್ಮೆಪಡಬೇಕಾದದ್ದು. ಆದರೆ ಇದರಿಂದ ತುಳಸಿ ಕಷಾಯ ಕುಡಿದರೆ ರೇಡಿಯೇಷನ್ ತಾಗದು ಎಂಬ ತೀರ್ಮಾನಕ್ಕೆ ಹಾರುವುದು ಆ ವಿಜ್ಞಾನಿಗಳ ದುಡಿಮೆಗೆ ಮಾಡುವ ಅನ್ಯಾಯ. ಅಲ್ಲಿದ್ದದ್ದು ಶುದ್ಧೀಕರಿಸಿದ ವಸ್ತು, ತೂಗಿದ ಪ್ರಮಾಣ, ಚುಚ್ಚುಮದ್ದು, ಕಿರಣಕ್ಕೆ ಮೊದಲಿನ ನಿಗದಿತ ಹೊತ್ತು. ಕಷಾಯದಲ್ಲಿ ಈ ನಾಲ್ಕರಲ್ಲಿ ಒಂದೂ ಇಲ್ಲ. ಆಸ್ಪತ್ರೆಯಲ್ಲಿ ಎದೆಯ ಎಕ್ಸ್‌ರೇ ತೆಗೆಸಿಕೊಳ್ಳುವವರಿಗೆ ಬೀಳುವ ವಿಕಿರಣವಂತೂ ನೆಲ, ಗಾಳಿ, ಆಕಾಶದಿಂದ ಕೆಲವು ದಿನಗಳಲ್ಲಿ ನಮಗೆ ತಾನಾಗಿ ಬೀಳುವಷ್ಟೇ. ಅದಕ್ಕೆ ಯಾವ ಮದ್ದೂ ಬೇಡ.

ಕ್ಯಾನ್ಸರಿಗೆ ರೇಡಿಯೇಷನ್ ಪಡೆಯುತ್ತಿರುವವರ ಮನೆಯಲ್ಲಿ ಈ ವಿಷಯ ಇನ್ನಷ್ಟು ತೀಕ್ಷ್ಣವಾಗುತ್ತದೆ. ಆಂಟಿಆಕ್ಸಿಡೆಂಟ್ ಎಂಬ ಹೆಸರಿನ ಮಾತ್ರೆ, ಪುಡಿ, ಲೇಹ್ಯಗಳನ್ನು ಬಂಧುಗಳು ಪ್ರೀತಿಯಿಂದಲೇ ತಂದುಕೊಡುತ್ತಾರೆ, ಕೆಡುಕೇನೂ ಆಗದು ಎಂಬ ನಂಬಿಕೆಯಿಂದ. ಕೆನಡಾದ ಕ್ವಿಬೆಕ್‌ನಲ್ಲಿ ತಲೆ ಮತ್ತು ಕತ್ತಿನ ಕ್ಯಾನ್ಸರಿನ 540 ರೋಗಿಗಳಲ್ಲಿ ಒಂದು ಗುಂಪಿಗೆ ರೇಡಿಯೇಷನ್ ಜೊತೆಗೆ ವಿಟಮಿನ್ ಇ ಮತ್ತು ಬೀಟಾ ಕ್ಯಾರೊಟಿನ್ ಕೊಟ್ಟು ನೋಡಿದ ಪ್ರಯೋಗವೊಂದರ ಫಲಿತಾಂಶ 2005ರಲ್ಲಿ ಹೊರಬಂತು. ಬೀಟಾ ಕ್ಯಾರೊಟಿನ್ನನ್ನು ಅದರ ಸುರಕ್ಷತೆಯ ಬಗ್ಗೆ ಬೇರೆ ಕಡೆ ಎದ್ದ ಸಂಶಯದಿಂದಾಗಿ ನಡುವೆಯೇ ನಿಲ್ಲಿಸಬೇಕಾಯಿತು. ಎರಡನ್ನೂ ಪಡೆದವರಲ್ಲಿ ಚಿಕಿತ್ಸೆಯ ತೀವ್ರ ಅಡ್ಡಪರಿಣಾಮಗಳು ನಿಜಕ್ಕೂ ಕಡಿಮೆಯಾಗಿದ್ದವು. ಆದರೆ ಮಾತ್ರೆ ಪಡೆದವರಲ್ಲಿ ಗೆಡ್ಡೆ ಅದೇ ಜಾಗದಲ್ಲಿ ಮರುಕಳಿಸುವ ಒಲವು ಹೆಚ್ಚಿತ್ತು. ಅಮಿಫೋಸ್ಟಿನ್‌ಗೆ ಆರೋಗ್ಯವಂತ ಅಂಗಾಂಶದ ಹಾದಿ ತೋರಿಸುವ ಕಿಣ್ವ ಇದೆ. ವಿಟಮಿನ್ ಮಾತ್ರೆಗೆ ಅಂಥ ಹಾದಿಯಿಲ್ಲ, ಅದು ಗೆಡ್ಡೆಯನ್ನೂ ತಲುಪುತ್ತದೆ. ಹಣ್ಣು, ಸೊಪ್ಪು, ಸಾರು ಊಟದ ಭಾಗವಾಗಿ ಇರಲಿ. ಆದರೆ ಚಿಕಿತ್ಸೆ ನಡೆಯುವ ಆ ಆರೇಳು ವಾರ ಮನೆಯಲ್ಲಿ ಬೇರೆ ಏನು ಕೊಡುತ್ತಿದ್ದೀರಿ ಎಂಬುದನ್ನು ಪುಡಿಯ ಪೊಟ್ಟಣ ಸಮೇತ ಒಯ್ದು ರೇಡಿಯೇಷನ್ ಡಾಕ್ಟರರಿಗೆ ತೋರಿಸಿ, ಅವರು ಬೇಡವೆಂದದ್ದನ್ನು ಚಿಕಿತ್ಸೆ ಮುಗಿಯುವವರೆಗೆ ನಿಲ್ಲಿಸಿ.